ಕೊಳ್ಳುವ ಮುನ್ನ ತೂಕಡಿಸಿ ನೋಡಿ

ಎಲ್ಲ ಅನಾಹುತಕ್ಕೂ ಮೂಲ ಒಂದು ಜೊತೆ ಕಣ್ಣೆವೆ. ಶುಕ್ರವಾರ ಸಂಜೆ, ಪತ್ರಿಕೆಯ ಕಚೇರಿಯ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದು ಬೆಚ್ಚಗೆ ಹರಡಿಕೊಂಡಿದ್ದ ಹೊತ್ತಿನಲ್ಲಿ, ಅವು ಒಂದು ಕ್ಷಣ ಮುಚ್ಚಿಕೊಂಡವು.

ಕಣ್ಣು ತಿದ್ದಪ್ಪನದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅಚ್ಚಿಗೆ ಹೋಗುವ ಮುನ್ನ ಪತ್ರಿಕೆಯ ತಪ್ಪು ತಿದ್ದುವುದು ಅವನ ಉದ್ಯೋಗ. ಬಸ್ಸಿನ ಫಲಕ, ಔಷಧಿ ಅಂಗಡಿಯ ಚೀಟಿ, ಕೊನೆಗೆ ಹೆಂಡತಿ ಮದುವೆಗೆ ಮುಂಚೆ ಬರೆದ ಪ್ರೇಮಪತ್ರ, ಯಾವುದನ್ನೂ ತಿದ್ದದೆ ಬಿಟ್ಟವನಲ್ಲ. ಹಾಗಾಗಿ ಈ ಹೆಸರೇ ಅಂಟಿಕೊಂಡಿತ್ತು.

ಆ ಸಂಜೆ ಅವನ ಮುಂದಿದ್ದದ್ದು ಭಾನುವಾರದ ‘ಮನೆ-ನಿವೇಶನ’ ಪುಟ. ಕೆರೆಯಾಚೆ ಬೆಲೆ ಏರಿದೆ, ರೈಲು ನಿಲ್ದಾಣದ ಹಿಂದೆ ಇಳಿದಿದೆ, ಹಿಟ್ಟಿನ ಗಿರಣಿಯ ಸುತ್ತಮುತ್ತ ಏರಲೋ ಇಳಿಯಲೋ ಎಂದು ನಿಂತಿದೆ ಎಂಬಂಥ ಸಮಾಚಾರ. ಮೂಲೆಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಒಂದು ಕಿವಿಮಾತು. ಇದನ್ನೆಲ್ಲ ಬರೆಯುತ್ತಿದ್ದವನು ಒಬ್ಬ ಉಪಸಂಪಾದಕ. ಭೂಮಿಯ ಪುಟ ನೋಡಿಕೊಳ್ಳುವವನೆಂದು ಕಚೇರಿಯಲ್ಲಿ ಅವನಿಗೆ ಭೂಪ ಎಂದೇ ಹೆಸರು. ಊರಿನ ಪ್ರತಿ ಮನೆಯ ಬಗ್ಗೆಯೂ ಭೂಪನಿಗೆ ಖಚಿತವಾದ ಅಭಿಪ್ರಾಯವಿತ್ತು. ತಾನು ಮಾತ್ರ ಮಾವನ ಮನೆಯ ಮಹಡಿಯಲ್ಲಿದ್ದ.

ಆ ವಾರದ ಕಿವಿಮಾತಿಗೆ ಭೂಪ ಕೊಟ್ಟಿದ್ದ ತಲೆಬರಹ, ‘ಮನೆ ಕೊಳ್ಳುವ ಮುನ್ನ ತೂಗಿ ನೋಡಿ’. ತಿದ್ದಪ್ಪ ಅದನ್ನು ಓದುತ್ತ ಓದುತ್ತ ತಾನು ಕೊಳ್ಳಲಿದ್ದ ಮನೆಯೊಳಗೆ ಹೋಗಿಬಿಟ್ಟ. ಅಲ್ಲಿ ತಂಪಾಗಿತ್ತು. ಪುಸ್ತಕದ ಕಪಾಟು ಯಾವ ಗೋಡೆಗೆ ಎಂದು ನೋಡುತ್ತಿದ್ದ. ಇತ್ತ ಕಚೇರಿಯಲ್ಲಿ ಉಳಿದ ಕೈ ಅಭ್ಯಾಸಬಲದಿಂದ ‘ತೂಗಿ’ಯನ್ನು ಹೊಡೆದು ‘ತೂಕಡಿಸಿ’ ಎಂದು ಬರೆಯಿತು. ಒಂದು ಕಡೆ ತಿದ್ದಿದ್ದನ್ನು ಎಲ್ಲ ಕಡೆ ತಿದ್ದಬೇಕೆಂಬ ನಿಷ್ಠೆ ಆ ಕೈಗಿತ್ತು. ಕೆಳಗೆ ಬಂದಿದ್ದ ‘ತೂಗಿ’ಗಳನ್ನೂ ಒಂದೂ ಬಿಡದೆ ತಿದ್ದಿತು.

ಆ ಮನೆ ಊರಿನ ಹಳೆಯ ಭಾಗದಲ್ಲಿ ಒಂದು ಗಲ್ಲಿಯ ಕಟ್ಟಕಡೆಗಿತ್ತು. ಹಲ್ಲಿನ ಡಾಕ್ಟರಮ್ಮನದು. ಗೋಡೆಗಳು ಮೊಳದಪ್ಪ, ಕಿಟಕಿಗಳು ಸಣ್ಣವು. ಹಿತ್ತಲಿನ ದೊಡ್ಡ ಮರದ ನೆರಳು ನಡುಮಧ್ಯಾಹ್ನವೂ ಒಳಗೆ ಬಂದು ಕಾಲು ಚಾಚಿ ಕೂರುತ್ತಿತ್ತು. ಕಾರು ತಿರುಗಿಸಲು ಜಾಗವಿಲ್ಲ, ಹಗಲಲ್ಲೂ ದೀಪ ಬೇಕು ಎಂದು ನೋಡಲು ಬಂದವರೆಲ್ಲ ಮೂಗು ಮುರಿದು ಹೋಗಿದ್ದರು. ದಲ್ಲಾಳಿಯಂತೂ “ಬಾವಿಗೆ ಬಾಗಿಲಿಟ್ಟ ಹಾಗಿದೆ” ಎಂದು ಕೈಬಿಟ್ಟಿದ್ದ. ಹಾಗಾಗಿಯೇ ಅದು ತಿದ್ದಪ್ಪನ ಕೈಗೆ ಎಟುಕುವಂತಿತ್ತು.

ಡಾಕ್ಟರಮ್ಮನಿಗೂ ಅವನ ಮೇಲೆ ಅಭಿಮಾನ. ಹಿಂದೊಮ್ಮೆ ಆಕೆಯ ಕ್ಲಿನಿಕ್ಕಿನ ಹೊಸ ಫಲಕ ಬರೆದವನು ‘ಇಲ್ಲಿ ನೋವಿಲ್ಲದೆ ಹಣ ಕೀಳಲಾಗುವುದು’ ಎಂದು ಬರೆದಿದ್ದ. ಬೀದಿಯಲ್ಲಿ ಹೋಗುತ್ತಿದ್ದ ತಿದ್ದಪ್ಪ ಮಹಡಿ ಹತ್ತಿ ಬಂದು, “ಅದು ಹಲ್ಲು ಅಂತ ಇರಬೇಕಲ್ವಾ ಅಮ್ಮ?” ಎಂದು ವಿನಯದಿಂದ ಕೇಳಿದ್ದ. ಆ ಉಪಕಾರವನ್ನು ಆಕೆ ಮರೆತಿರಲಿಲ್ಲ.

“ಮನೆ ಮಾರಿ ನೆಲಮಟ್ಟದಲ್ಲಿ ಒಂದು ದೊಡ್ಡ ಕ್ಲಿನಿಕ್ ಮಾಡ್ಕೋತೀನಿ. ಈಗಿರೋ ಕಡೆ ಅಷ್ಟು ಮೆಟ್ಟಿಲು ಹತ್ತೋದ್ರಲ್ಲಿ ಜನಕ್ಕೆ ಧೈರ್ಯ ಇಳಿದು ಹೋಗುತ್ತೆ, ಅರ್ಧದಿಂದ ವಾಪಸ್. ಬಂದೋರೂ ಕುರ್ಚಿ ನೋಡಿ ಬಾಯಿಗೆ ಬೀಗ ಹಾಕ್ಕೋತಾರೆ. ಸೋಮವಾರ ಬೆಳಿಗ್ಗೆ ನೀವಿಬ್ಬರೂ ಬನ್ನಿ, ಮಾತು ಮುಗಿಸಿಬಿಡೋಣ” ಎಂದಿದ್ದಳು.

ಭಾನುವಾರ ಬೆಳಿಗ್ಗೆ ತಿದ್ದಪ್ಪನ ಹೆಂಡತಿ ಅಳತೆ ಟೇಪು ತೆಗೆದುಕೊಂಡು, ಪರದೆಗೆ ಕಿಟಕಿಗಳ ಅಳತೆ ನೋಡಿ ಬರುತ್ತೇನೆಂದು ಡಾಕ್ಟರಮ್ಮನ ಮನೆಗೆ ಹೊರಟುಹೋದಳು. ತಿದ್ದಪ್ಪ ಬಾಡಿಗೆ ಮನೆಯ ಕಿರಿದಾದ ಬಾಲ್ಕನಿಯಲ್ಲಿ ಚಹಾ ಹಿಡಿದು, ಎದುರು ಕಟ್ಟಡದ ಗೋಡೆಯಲ್ಲೇ ತನ್ನ ಹಿತ್ತಲಿನ ಮರವನ್ನು ಕಾಣುತ್ತ ನಿಂತಿದ್ದಾಗ ಫೋನು ಬಂತು. ಭೂಪ.

“ಇವತ್ತಿನ ಪೇಪರ್ ನೋಡಿದೆಯಾ?”

“ಶುಕ್ರವಾರನೇ ಓದಿದ್ದೀನಲ್ಲ.”

“ನೀನು ಓದಿಲ್ಲ ಮಾರಾಯ, ನಿದ್ದೆ ಹೊಡೆದಿದ್ದೀಯ. ಊರಲ್ಲಿ ಮಾರಾಟಕ್ಕಿರೋ ಮನೆಗಳಲ್ಲೆಲ್ಲ ಜನ ಬಂದು ಮಲಗಿದ್ದಾರೆ.”

ತಿದ್ದಪ್ಪ ಬಾಗಿಲ ಬಳಿ ಬಿದ್ದಿದ್ದ ಪತ್ರಿಕೆ ಬಿಡಿಸಿದ. ‘ಎಷ್ಟೇ ಚೆಂದದ ಮನೆಯಾದರೂ ಒಮ್ಮೆ ತೂಕಡಿಸಿ ನೋಡದೆ ಮುಂಗಡ ಕೊಡಬೇಡಿ. ಆತುರ ಬೇಡ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಎಲ್ಲರೂ ಸೇರಿ ತೂಕಡಿಸಿ ನೋಡಿ. ಮಾರುವವರು ಇದಕ್ಕೆ ಬೇಕಾದ ಅನುಕೂಲ ಮಾಡಿಕೊಡುವುದು ಜಾಣತನ.’ ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ತಂದದ್ದು.

“ಕೆರೆಯಾಚೆಯ ಬ್ಯಾಂಕ್ ಮ್ಯಾನೇಜರ್ ಬೆಳಿಗ್ಗೆಯಿಂದ ಫೋನ್ ಮಾಡ್ತಾನೇ ಇದ್ದಾರೆ. ಹೋಗಿ ಕ್ಷಮೆ ಕೇಳು. ಮಲಗಿದೋರನ್ನ ಎಬ್ಬಿಸು. ಸಂಪಾದಕರಿಗೆ ನಾನು ಏನೋ ಒಂದು ಹೇಳ್ತೀನಿ. ನಾಳೆಗೆ ತಿದ್ದುಪಡಿ ಹಾಕಿ ಈ ಗದ್ದಲ ನಿಲ್ಲದಿದ್ರೆ, ನಿನ್ನ ಕೆಲಸನೂ ಮಲಗುತ್ತೆ” ಎಂದು ಭೂಪ ಫೋನಿಟ್ಟ.

ಕೆರೆಯಾಚೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ ಮ್ಯಾನೇಜರೂ ಅವರ ಹೆಂಡತಿಯೂ ತಮ್ಮ ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ರೈಲು ತಪ್ಪಿಸಿಕೊಂಡವರ ಹಾಗೆ.

“ಕೊಳ್ಳೋಕೆ ಬಂದಿದ್ದಾರಲ್ಲ ಅಂತ ಒಳಗೆ ಬಿಟ್ಟೆ. ಕೈಕಾಲು ತೊಳ್ಕೊಂಡು ಬಂದು ಮಲಗಿದ್ರು, ನಮ್ಮ ಮಂಚದ ಮೇಲೆ” ಎಂದರು ಮ್ಯಾನೇಜರು. “ಜೋರಾಗಿ ಮಾತಾಡಿದ್ರೆ ಸಿಟ್ಟಾಗ್ತಾರೆ ರೀ.”

ಒಳಗೆ ಇಡೀ ಸಂಸಾರ ಮಲಗಿತ್ತು. ಕೆರೆಯ ನೀರಿನ ಬೆಳಕು ಚಾವಣಿಯ ಮೇಲೆ ಅಲೆಯಲೆಯಾಗಿ ಆಡುತ್ತಿತ್ತು; ಅದರ ಕೆಳಗೆ ಅಪ್ಪ, ಅಮ್ಮ, ಅತ್ತೆ, ಎಲ್ಲರೂ ಒಂದೇ ದೋಣಿಯಲ್ಲಿ ಹೊರಟವರಂತೆ ಒಂದೇ ಲಯದಲ್ಲಿ ಉಸಿರಾಡುತ್ತಿದ್ದರು. ತಿದ್ದಪ್ಪ ದಪ್ಪಗಿದ್ದ ಅಪ್ಪನ ಭುಜ ಮೆಲ್ಲಗೆ ಅಲುಗಿಸಿದ. ಆತ ಕಣ್ಣು ಬಿಟ್ಟು ಎದುರಿನ ಗೋಡೆಯನ್ನು ದಿಟ್ಟಿಸಿ ನೋಡಿದ.

“ಈ ಗೋಡೆ ಇರಲಿಲ್ಲ” ಎಂದ.

“ಯಾವಾಗ ಸಾರ್?”

“ಈಗ. ಕನಸಲ್ಲಿ. ಇಲ್ಲಿ ಒಂದು ನದಿ ಹರೀತಿತ್ತು. ಆಚೆ ದಡದಲ್ಲಿ ನಮ್ಮಜ್ಜಿ ಬಟ್ಟೆ ಒಣಗಿಸ್ತಿದ್ರು.” ಆತ ಎದ್ದು ಕೂತು ಮ್ಯಾನೇಜರನ್ನು ಕರೆದ. “ನೋಡಿ, ಮನೆ ಹಿಡಿಸಿತು. ಆದ್ರೆ ಈ ನದಿ ಇಲ್ಲ ಅಂದ್ಮೇಲೆ ನೀವು ಬೆಲೆ ಸ್ವಲ್ಪ ಇಳಿಸಬೇಕಾಗುತ್ತೆ.”

ಮ್ಯಾನೇಜರು ಬಾಯಿ ತೆರೆಯುವ ಮೊದಲೇ ದಲ್ಲಾಳಿ ಒಳಗೆ ಬಂದ. ಕಂಕುಳಲ್ಲಿ ಎರಡು ದಿಂಬು, ಮುಖದಲ್ಲಿ ಹುಣ್ಣಿಮೆ. ತಿದ್ದಪ್ಪನನ್ನು ಕಂಡದ್ದೇ ಕೈ ಹಿಡಿದುಕೊಂಡ.

“ಸಾರ್, ಆ ಕಿವಿಮಾತು ತಿದ್ದಿದ್ದು ನೀವಂತೆ. ಬಂಗಾರದಂಥ ಮಾತು. ಇಷ್ಟು ವರ್ಷ ಜನ ಕಣ್ಣು ಬಿಟ್ಕೊಂಡು ಮನೆ ನೋಡ್ತಿದ್ರು. ಕಣ್ಣು ಬಿಟ್ಟೋನಿಗೆ ಬಿರುಕು ಕಾಣುತ್ತೆ, ಕಣ್ಣು ಮುಚ್ಚಿದೋನಿಗೆ ಏನು ಕಾಣುತ್ತೆ ಹೇಳಿ.”

“ಅದು ತಪ್ಪಾಗಿ ಬಂದಿದೆ ಕಣ್ರೀ.”

“ಇಂಥ ತಪ್ಪು ವಾರಕ್ಕೊಂದು ಮಾಡಿ ಸಾರ್.” ದಲ್ಲಾಳಿ ಸ್ವರ ಇಳಿಸಿದ. “ಇಲ್ಲಿ ಬೆಳಕು ಜಾಸ್ತಿ, ನಿದ್ದೆ ತೇಲಿಸುತ್ತೆ. ಮುಳುಗೋ ನಿದ್ದೆ ಬೇಕು ಅಂದ್ರೆ ಊರಿಗೆಲ್ಲ ಒಂದೇ ಮನೆ, ನಮ್ಮ ಹಲ್ಲಿನ ಡಾಕ್ಟರಮ್ಮಂದು. ಬಾವಿಯಂಥ ತಂಪು. ಬೆಳಿಗ್ಗೆಯಿಂದ ಎಲ್ಲರನ್ನೂ ಅಲ್ಲಿಗೇ ಕಳಿಸ್ತಿದ್ದೀನಿ.”

ತಿದ್ದಪ್ಪ ಅಲ್ಲಿ ನಿಲ್ಲಲಿಲ್ಲ. ಯಾರ ಕ್ಷಮೆಯನ್ನೂ ಕೇಳದೆ ಮೆಟ್ಟಿಲಿಳಿದು ಓಡಿದ.

ಗಲ್ಲಿಯ ಬಾಯಲ್ಲೇ ಅವನಿಗೆ ಒಂದು ಬಗೆಯ ನಿಶ್ಶಬ್ದ ಎದುರಾಯಿತು. ಡಾಕ್ಟರಮ್ಮನ ಗೇಟಿನಲ್ಲಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿಂತಿದ್ದರು. ನಿವೃತ್ತರಾದ ಮೇಲೆ ಸಾಲಾಗಿ ನಿಲ್ಲಿಸಲು ಯಾರೂ ಸಿಗದೆ ಸೊರಗಿದ್ದವರು. ಇಂದು ಅವರ ಬೆನ್ನು ಕಂಬದ ಹಾಗೆ ನೆಟ್ಟಗಿತ್ತು. ಕೊರಳಲ್ಲಿ ಸೀಟಿ ಇತ್ತು. ಊದುವಂತಿರಲಿಲ್ಲವಾದ್ದರಿಂದ ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿಯೇ ಜನರನ್ನು ಒಳಗೆ ಬಿಡುತ್ತಿದ್ದರು.

“ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ. ಕೆಮ್ಮು ಬಂದ್ರೆ ಗಲ್ಲಿಯ ಆ ತುದಿಗೆ ಹೋಗಿ ಕೆಮ್ಮಿ ಬನ್ನಿ” ಎಂದರು ಪಿಸುದನಿಯಲ್ಲಿ.

“ಮೇಷ್ಟ್ರೇ, ಈ ಮನೆ ಕೊಳ್ಳೋನು ನಾನು.”

“ಒಳಗಿರೋರೆಲ್ಲ ಅದನ್ನೇ ಹೇಳಿದ್ರು. ಸಾಲಲ್ಲಿ ನಿಲ್ಲಿ.”

ಸಾಲಿನಲ್ಲಿ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, ತಿದ್ದಪ್ಪ ತನ್ನ ಕನಸಿನ ಮನೆಯೊಳಗೆ ಕಾಲಿಟ್ಟ. ಬೀದಿಯ ಬಿಸಿಲಿನಿಂದ ಬಂದವನಿಗೆ ಮೊದಲು ಏನೂ ಕಾಣಲಿಲ್ಲ; ಉಸಿರಾಟ ಮಾತ್ರ ಕೇಳಿಸಿತು, ಮನೆಯೇ ಮಲಗಿ ಉಸಿರಾಡುತ್ತಿರುವಂತೆ. ಆಮೇಲೆ ಒಬ್ಬೊಬ್ಬರೇ ಕತ್ತಲಿನಿಂದ ತೇಲಿ ಬಂದರು. ಪುಸ್ತಕದ ಕಪಾಟು ಇಡಬೇಕೆಂದಿದ್ದ ಗೋಡೆಗೆ ಒಬ್ಬ ವಕೀಲ ಕರಿ ಕೋಟು ಹೊದ್ದು ಒರಗಿದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಒಬ್ಬ ಬಸ್ ಡ್ರೈವರ್ ಕನಸಿನಲ್ಲೇ ಗೇರು ಬದಲಾಯಿಸುತ್ತಿದ್ದ. ಹೊಸದಾಗಿ ಮದುವೆಯಾದ ಜೋಡಿಯೊಂದು ಮೆಟ್ಟಿಲ ಕೆಳಗೆ ಒಂದೇ ಹೊದಿಕೆಯಲ್ಲಿ, ಯಾರೋ ಮಡಿಸಿಟ್ಟ ಬಟ್ಟೆಯ ಹಾಗೆ ಮಲಗಿತ್ತು. ಹಿತ್ತಲ ಮರದ ಎಲೆಗಳ ನೆರಳು ಎಲ್ಲರ ಮುಖದ ಮೇಲೂ ಮೀನಿನ ಮರಿಗಳಂತೆ ಓಡಾಡುತ್ತಿತ್ತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನು ಇಷ್ಟಪಟ್ಟ ಮನೆಯನ್ನು ಊರೇ ಇಷ್ಟಪಟ್ಟಿದೆ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಮರುಗಳಿಗೆಗೆ, ಇಷ್ಟಪಟ್ಟವರೆಲ್ಲ ಕೊಳ್ಳಲು ಬಂದವರೇ ಎಂಬುದು ನೆನಪಾಯಿತು.

ಒಳಕೋಣೆಯಲ್ಲಿ, ಕಿಟಕಿಯ ಕೆಳಗೆ, ಅಳತೆ ಟೇಪನ್ನು ಕೈಗೆ ಸುತ್ತಿಕೊಂಡು ಅವನ ಹೆಂಡತಿಯೂ ಮಲಗಿದ್ದಳು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ನೀನೂನಾ?”

ಅವಳು ಕಣ್ಣು ತೆರೆಯದೆ ನಕ್ಕಳು. “ನೀವು ತಿದ್ದಿದ್ದ ಪೇಪರಲ್ವಾ, ತಪ್ಪಿರಲ್ಲ ಅಂದ್ಕೊಂಡೆ. ರೀ, ಇಲ್ಲಿ ಮಲಗಿದ್ರೆ ಚಿಕ್ಕವಳಿದ್ದಾಗಿನ ಬೇಸಿಗೆ ರಜ ಕಾಣುತ್ತೆ. ಪರದೆ ಹಸಿರು ಬಣ್ಣದ್ದೇ ಇರಲಿ.”

ಅಷ್ಟು ಹೇಳಿ ಮತ್ತೆ ರಜಕ್ಕೆ ಹೋದಳು.

ಈ ಮನೆ ಕೈತಪ್ಪಬಾರದು ಎಂದು ತಿದ್ದಪ್ಪನಿಗೆ ಆಗ ಹಲ್ಲು ಕಚ್ಚುವಷ್ಟು ಗಟ್ಟಿಯಾಗಿ ಅನಿಸಿತು. ಅಡುಗೆಮನೆಗೆ ಹೋಗಿ ದೊಡ್ಡದೊಂದು ತಟ್ಟೆ ತೆಗೆದು, ಕೈಜಾರಿದವನ ಹಾಗೆ ಬಿಟ್ಟ. ಹಿಂದೆಯೇ ಬಂದಿದ್ದ ಡ್ರಿಲ್ ಮೇಷ್ಟ್ರು ನೆಲಕ್ಕೆ ಗೇಣು ದೂರವಿದ್ದಾಗ ಅದನ್ನು ಹಿಡಿದು, ಒರೆಸಿ, ಮತ್ತೆ ಮೇಲಿಟ್ಟು, ತುಟಿಯ ಮೇಲೆ ಬೆರಳಿಟ್ಟರು. ತಿದ್ದಪ್ಪ ವಕೀಲನ ಬಳಿ ಹೋಗಿ ಕಿವಿಯಲ್ಲಿ, “ಈ ಮನೆ ಸೋರುತ್ತೆ” ಎಂದು ಪಿಸುಗುಟ್ಟಿದ. ವಕೀಲ ನಿದ್ದೆಯಲ್ಲೇ ಮುಗುಳ್ನಕ್ಕ. “ಮಳೆ...” ಎಂದು ಗೊಣಗಿ ಕೋಟನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡ.

ಡಾಕ್ಟರಮ್ಮ ಎಲ್ಲಿ ಎಂದು ಹುಡುಕಿದರೆ, ಆಕೆ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದವನೊಬ್ಬನ ಮೇಲೆ ಬಗ್ಗಿ, ಸಣ್ಣ ಟಾರ್ಚು ಬಿಟ್ಟು ಅವನ ಬಾಯೊಳಗೆ ನೋಡುತ್ತಿದ್ದಳು.

“ದವಡೆ ಹಲ್ಲು ಎರಡೂ ಕಡೆ ಹೋಗಿದೆ, ಪಾಪ” ಎಂದಳು. “ಈ ಮನುಷ್ಯ ಹೋದ ವರ್ಷ ಕ್ಲಿನಿಕ್ಕಿಗೆ ಬಂದು ಕುರ್ಚಿ ನೋಡಿ ಓಡಿಹೋಗಿದ್ದ. ಈಗ ನೋಡಿ, ಹೇಗೆ ತೆರೆದುಕೊಂಡಿದ್ದಾನೆ.”

“ಡಾಕ್ಟರಮ್ಮ, ನಮ್ಮ ಮಾತು...”

ಆಕೆ ಟಾರ್ಚು ಆರಿಸಿದಳು. “ಮಾತು ಮಾತೇ ತಿದ್ದಪ್ಪನವರೇ. ಆದ್ರೆ ದಲ್ಲಾಳಿ ಹೇಳೋ ಬೆಲೆ ಕೇಳಿದ್ರೆ ನನಗೂ ತಲೆ ತಿರುಗುತ್ತೆ, ನಾನೂ ಮನುಷ್ಯಳೇ. ಇಷ್ಟಾಗಿ ಇವರಲ್ಲಿ ಒಬ್ಬನೂ ಬಾಯಿಬಿಟ್ಟು ಕೊಳ್ತೀನಿ ಅಂದಿಲ್ಲ. ಬಾಯಿ ಬಿಟ್ಕೊಂಡಿರೋದು ಮಾತ್ರ ನಿಜ. ನಿಮ್ಮ ತಿದ್ದುಪಡಿ ಬಂದು ನಾಳೆ ಇವರು ಯಾರೂ ಮಲಗೋಕೆ ಬರಲಿಲ್ಲ ಅಂದ್ರೆ ಮನೆ ನಿಮ್ಮದೇ.”

ಸರಿಯಾಗಿ ಆಗಲೇ ಅವನ ಜೇಬಿನಲ್ಲಿ ಫೋನು ನಡುಗಿತು. ಭೂಪ.

“ಪುಟ ಕಟ್ತಾ ಇದ್ದೀವಿ. ತಿದ್ದುಪಡಿ ಏನು ಅಂತ ಈಗಲೇ ಹೇಳು.”

ತಿದ್ದಪ್ಪ ಮೂಲೆಗೆ ಸರಿದು, ಫೋನಿನ ಸುತ್ತ ಕೈ ಮುಚ್ಚಿಕೊಂಡು, ಉಸಿರಿನಲ್ಲೇ ಹೇಳಿದ. “ಬರ್ಕೊಳ್ಳಿ. ನಿನ್ನೆಯ ಕಿವಿಮಾತಿನಲ್ಲಿ ತೂಕಡಿಸಿ ನೋಡಿ ಎಂದು ಅಚ್ಚಾಗಿರುವುದು ತಪ್ಪು. ಅದನ್ನು ಎಲ್ಲ ಕಡೆಯೂ ತೂಗಿ ನೋಡಿ ಎಂದು ಓದಿಕೊಳ್ಳಬೇಕು.”

“ಜೋರಾಗಿ ಹೇಳೋ, ಇಲ್ಲಿ ಯಂತ್ರ ಓಡ್ತಾ ಇದೆ.”

ಡ್ರಿಲ್ ಮೇಷ್ಟ್ರ ಬೆರಳು ಬಾಗಿಲಲ್ಲಿ ಮೂಡಿತು. ತಿದ್ದಪ್ಪ ಗೋಡೆಗೆ ಮುಖ ಒತ್ತಿ ಅದೇ ಮಾತನ್ನು ಮತ್ತೊಮ್ಮೆ, ಇನ್ನೂ ಮೆಲ್ಲಗೆ, ಬಿಡಿಬಿಡಿಯಾಗಿ ಹೇಳಿದ.

“ಸರಿ ಸರಿ, ಬರ್ಕೊಂಡೆ.”

“ಒಮ್ಮೆ ಓದಿ ಹೇಳಿ” ಎಂದ ತಿದ್ದಪ್ಪ. ಆ ಕಡೆ ಫೋನು ಕಟ್ಟಾಗಿತ್ತು.

ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಹೆಂಡತಿಯನ್ನು ಎಬ್ಬಿಸಲೆಂದು ಒಳಕೋಣೆಗೆ ಹೋದವನು, ಅವಳು ಏಳಲಿ ಎಂದು ಪಕ್ಕದಲ್ಲಿ ಕೂತ, ಕೂತವನು ಒರಗಿದ. ನೆಲದ ತಂಪು ಬೆನ್ನಿನೊಳಗೆ ನೀರಿನಂತೆ ಇಳಿಯಿತು. ಮನೆ ನಿಧಾನವಾಗಿ ಲಂಗರು ಬಿಚ್ಚಿ ಗಲ್ಲಿಯಿಂದ ಹೊರಟಿತು. ಕಿಟಕಿಗಳಲ್ಲಿ ಹಸಿರು ಪರದೆಗಳು ಗಾಳಿ ತುಂಬಿಕೊಂಡು ಉಬ್ಬಿದವು. ದಡದಲ್ಲಿ ಭೂಪ ನಿಂತು ಏನೋ ಕೂಗುತ್ತಿದ್ದ. ಅವನ ಮಾತುಗಳೆಲ್ಲ ಬಿಳಿ ಅಕ್ಷರಗಳಾಗಿ ನೀರಿಗೆ ಬಿದ್ದು ಕರಗುತ್ತಿದ್ದವು. ತಿದ್ದಪ್ಪ ಅವುಗಳಲ್ಲಿ ಒಂದನ್ನೂ ತಿದ್ದಲಿಲ್ಲ. ಅವನ ಬದುಕಿನಲ್ಲೇ ಅಂಥ ನಿದ್ದೆ ಬಂದಿರಲಿಲ್ಲ.

ಅವನು ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಮಲಗಿದ್ದವರು ಎದ್ದು, ನೀರು ಕುಡಿದು, ಒಬ್ಬರಿಗೊಬ್ಬರು ಕನಸು ಹೇಳಿಕೊಳ್ಳುತ್ತ ಮದುವೆಮನೆಯಿಂದ ಹೊರಟವರ ಹಾಗೆ ಗಲ್ಲಿಯಲ್ಲಿ ಕರಗಿಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಪತ್ರಿಕೆ ಬರುವುದನ್ನೂ ಕಾಯದೆ ಹೊರಟರು. ಗಲ್ಲಿ ಖಾಲಿಯಾಗಿತ್ತು. ಡ್ರಿಲ್ ಮೇಷ್ಟ್ರು ತಮ್ಮ ಜಗುಲಿಯ ಮೇಲೆ ಕೆಲಸ ಕಳೆದುಕೊಂಡವರಂತೆ ಕೂತಿದ್ದರು. ಮನೆಯೊಳಗೆ ಒಬ್ಬನೇ ಒಬ್ಬ ಮಲಗಿರಲಿಲ್ಲ.

“ಒಳ್ಳೆದಾಯ್ತು ಬಿಡಿ” ಎಂದಳು ಡಾಕ್ಟರಮ್ಮ, ಚಹಾದ ಲೋಟ ಮುಂದಿಡುತ್ತ. “ಕಾಗದ ಪತ್ರ ತೆಗೆದಿಟ್ಟಿದ್ದೀನಿ. ನೀವು ಯಾವಾಗ ಬರ್ತೀರಿ ಹೇಳಿ.”

ತಿದ್ದಪ್ಪನ ಹೆಂಡತಿ, “ಪರದೆ ಹೊಲಿಯೋಕೆ ಒಂದು ವಾರ...” ಎಂದು ಬಾಯಿ ತೆಗೆದಳು. ಅವಳ ಮಾತು ಮುಗಿಯಲಿಲ್ಲ. ಬಾಗಿಲ ಹೊರಗಿನಿಂದ “ಓ...” ಎಂಬ ಒಂದು ಕೂಗು ಬಂದು, ನಡುಮನೆಯಲ್ಲಿ ಸುತ್ತು ಹಾಕಿ, ಹಿತ್ತಲ ಬಾಗಿಲಿನಿಂದ ಹೊರಟುಹೋಯಿತು. ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು.

ನಿನ್ನೆಯ ವಕೀಲ ಒಳಗೆ ಬಂದ. ಅವನ ಹಿಂದೆ ಬಸ್ ಡ್ರೈವರ್, ಅವನ ಹಿಂದೆ ಹೊಸ ಜೋಡಿ, ಅವರ ಹಿಂದೆ ಕೆರೆಯಾಚೆ ನದಿ ಕಂಡಿದ್ದ ದಪ್ಪನೆಯ ಅಪ್ಪನ ಇಡೀ ಸಂಸಾರ. ಎಲ್ಲರ ಕೈಯಲ್ಲೂ ಅಂದಿನ ಪತ್ರಿಕೆ.

“ಏನಿದು?” ಎಂದು ಕೇಳಿದ ತಿದ್ದಪ್ಪ. ಉತ್ತರ ಅವನಿಗೆ ಆಗಲೇ ಅರ್ಧ ಗೊತ್ತಾಗಿತ್ತು.

ವಕೀಲ ಓದಿದ. “‘ನಿನ್ನೆಯ ಕಿವಿಮಾತಿನಲ್ಲಿ ತೂಕಡಿಸಿ ನೋಡಿ ಎಂದು ಅಚ್ಚಾಗಿರುವುದು ತಪ್ಪು. ಅದನ್ನು ಎಲ್ಲ ಕಡೆಯೂ ಕೂಗಿ ನೋಡಿ ಎಂದು ಓದಿಕೊಳ್ಳಬೇಕು.’ ನಾವೂ ಹಾಗೇ ಓದಿಕೊಂಡ್ವಿ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಎಲ್ಲರೂ ಸೇರಿ ಕೂಗಿ ನೋಡಿ.”

ಎಲ್ಲರೂ ಸೇರಿ ಕೂಗಿದರು. ವಕೀಲ ಗೋಡೆಗೆ ಕೂಗಿದ, ಡ್ರೈವರ್ ಚಾವಣಿಗೆ ಕೂಗಿದ, ಹೊಸ ಜೋಡಿ ಒಬ್ಬರಿಗೊಬ್ಬರು ಕೂಗಿಕೊಂಡರು. ಮೊಳದಪ್ಪದ ಗೋಡೆಗಳು ಪ್ರತಿ ಕೂಗನ್ನೂ ತೆಗೆದುಕೊಂಡು, ಜೇನಿನಲ್ಲಿ ಅದ್ದಿ, ದುಂಡಗೆ ಮಾಡಿ ಮರಳಿಸಿದವು. ತಮ್ಮ ದನಿ ಇಷ್ಟು ಚೆನ್ನಾಗಿದೆಯೆಂದು ಅವರಿಗೆ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ದೊಡ್ಡದಾಗಿ ಕೂಗಿದರು. ಡ್ರಿಲ್ ಮೇಷ್ಟ್ರು ಓಡಿ ಬಂದು, ಬಹಳ ದಿನಗಳ ಮೇಲೆ, ಮನಸಾರೆ ಸೀಟಿ ಊದಿದರು.

“ಡಾಕ್ಟರಮ್ಮ,” ಎಂದ ತಿದ್ದಪ್ಪ ಅಳುವ ದನಿಯಲ್ಲಿ, “ಮಲಗೋಕೆ ಯಾರೂ ಬರಬಾರದು ಅಂತ ತಾನೇ ನಮ್ಮ ಮಾತು. ಇವರು ಮಲಗ್ತಾ ಇಲ್ಲ. ನಾಳೆ ಸರಿಯಾದ ತಿದ್ದುಪಡಿ ನಾನೇ ಕೂತು ಹಾಕಿಸ್ತೀನಿ, ಇವರೆಲ್ಲ ಹೋಗ್ತಾರೆ.”

ಡಾಕ್ಟರಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಆಕೆ ನಡುಮನೆಯ ಮಧ್ಯೆ ನಿಂತು ಸುತ್ತಲೂ ನೋಡುತ್ತಿದ್ದಳು. ಆಕೆಯ ಕಣ್ಣು ತುಂಬಿ ಬಂದಿತ್ತು.

“ತಿದ್ದಪ್ಪನವರೇ, ಬಾಯಿ ಬಿಡಿ, ಇನ್ನೂ ಸ್ವಲ್ಪ ಬಿಡಿ ಅಂತ ಬೇಡ್ಕೊಂಡೇ ನನ್ನ ಆಯುಷ್ಯ ಕಳೀತು” ಎಂದಳು. “ನಿನ್ನೆ ಮಲಗಿದಾಗ ಅರ್ಧ ಬಿಟ್ಟಿದ್ರು. ಇವತ್ತು ನೋಡಿ, ಗಂಟಲ ತನಕ ಕಾಣ್ತಿದೆ. ಯಾರೂ ಹೇಳಿಲ್ಲ, ಯಾರೂ ಹೆದರ್ತಾ ಇಲ್ಲ. ಈ ಮನೆ ಮಾರಿ ಬೇರೆ ಕಡೆ ಕ್ಲಿನಿಕ್ ಹುಡುಕೋಕೆ ಹೊರಟಿದ್ದೆನಲ್ಲ, ನನ್ನಂಥ ದಡ್ಡಿ ಉಂಟಾ?”

“ಅಂದ್ರೆ...”

“ಮಾರೋದಿಲ್ಲ ಕಣ್ರೀ. ಕ್ಲಿನಿಕ್ಕನ್ನ ಇಲ್ಲಿಗೇ ತರ್ತೀನಿ. ನಿಮಗೆ ಮಾತು ಕೊಟ್ಟು ತಪ್ಪಿದ ಹಾಗಾಯ್ತು, ತುಂಬಾ ಬೇಜಾರಾಗುತ್ತೆ. ಆದ್ರೆ ನಿಮ್ಮಿಬ್ಬರ ಹಲ್ಲನ್ನ ಬದುಕಿರೋ ತನಕ ಪುಕ್ಕಟೆ ನೋಡ್ತೀನಿ.” ಆಕೆ ಒಳಕೋಣೆಯ ಕಡೆ ಕೈ ತೋರಿಸಿದಳು. “ಕುರ್ಚಿ ಅಲ್ಲಿ, ಆ ಕಿಟಕಿ ಕೆಳಗೆ. ಹಸಿರು ಪರದೆ ಹಾಕಿದ್ರೆ ಚೆನ್ನಾಗಿರುತ್ತೆ ಅಲ್ವಾ?”

ತಿದ್ದಪ್ಪನ ಹೆಂಡತಿ ಟೇಪನ್ನು ಸುತ್ತಿ ಚೀಲದೊಳಗೆ ಇಟ್ಟುಕೊಂಡಳು. ಗಂಡನ ಮುಖವನ್ನು ನೋಡಲಿಲ್ಲ. ಕಿಟಕಿಯಾಚೆಯ ಮರವನ್ನು ಸ್ವಲ್ಪ ಹೊತ್ತು ನೋಡಿದಳು.

ತಿದ್ದಪ್ಪನಿಗೆ ಹೇಳಬೇಕಾದದ್ದು ಬಹಳವಿತ್ತು. ಮಾತಿನ ಬಗ್ಗೆ, ನ್ಯಾಯದ ಬಗ್ಗೆ, ಒಂದು ‘ತ’ ಮತ್ತು ಒಂದು ‘ಕ’ದ ಬಗ್ಗೆ. ಹೇಳಲು ಬಾಯಿ ತೆರೆದ. ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ಸುತ್ತ ಊರೇ ಕೂಗುತ್ತಿರುವಾಗ ಅವನೊಬ್ಬ ನಿಶ್ಶಬ್ದವಾಗಿ ಬಾಯಿ ಬಿಟ್ಟುಕೊಂಡು ನಿಂತ.

“ಹಾಂ, ಹಾಗೇ ಇರಿ” ಎಂದು ಡಾಕ್ಟರಮ್ಮ ಟಾರ್ಚು ತೆಗೆದಳು. ಅವನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಒಳಗೆಲ್ಲ ಪ್ರೀತಿಯಿಂದ ನೋಡಿದಳು.

“ಎಲ್ಲ ಸರಿಯಾಗಿದೆ” ಎಂದಳು. “ಬುದ್ಧಿಹಲ್ಲು ಮಾತ್ರ ಇನ್ನೂ ಬಂದಿಲ್ಲ.”